ಕಡ್ಡಿ ಟೀಚರಿಗೆ ಕೇಳದೆ ಹೋದದ್ದು

ಆ ಕಾನ್ವೆಂಟ್ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತದ ಟೀಚರನ್ನು ಅವರ ನಿಜವಾದ ಹೆಸರಿನಿಂದ ಕರೆಯುತ್ತಿದ್ದವರು ಆಫೀಸಿನ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಅವರು ಕಡ್ಡಿ ಟೀಚರ್. ಆಳು ಕಡ್ಡಿಯಂತೆಯೇ ಇದ್ದರು. ತಾಳ ತೋರಿಸುವುದಕ್ಕೆಂದು ಕೈಯಲ್ಲಿ ಯಾವಾಗಲೂ ಒಂದು ತೆಳ್ಳಗಿನ ಕಡ್ಡಿ. ಮಾತಂತೂ ಕಡ್ಡಿ ಮುರಿದ ಹಾಗೆ. "ದನಿ ಚೆನ್ನಾಗಿದೆ, ಗಮನ ಇಲ್ಲ. ಹಿಂದಿನ ಸಾಲಿಗೆ ಹೋಗು" ಅಂದರೆ ಹುಡುಗಿಯರು ಮುಖ ಊದಿಸಿಕೊಳ್ಳದೆ ಹಿಂದಿನ ಸಾಲಿಗೆ ಹೋಗುತ್ತಿದ್ದರು. ಮರುವಾರ ಅದೇ ಟೀಚರ್ ಅದೇ ಖಡಾಖಂಡಿತ ದನಿಯಲ್ಲಿ ಮುಂದಕ್ಕೆ ಕರೆಯುತ್ತಾರೆಂದು ಅವರಿಗೆ ಗೊತ್ತಿತ್ತು.

ಕಡ್ಡಿ ಟೀಚರ ಅಪ್ಪ ಬಡಗಿ. ಶಾಲೆಯ ಪ್ರಾರ್ಥನಾ ಮಂದಿರದ ಬೆಂಚುಗಳ ಕಾಲು ಸಡಿಲವಾದಾಗ, ಮಂಡಿಯೂರುವ ಹಲಗೆ ಸೀಳಿದಾಗ ಬಂದು ಸರಿ ಮಾಡಿಕೊಡುತ್ತಿದ್ದವನು. ಮಗಳು ಅವನ ಜೊತೆ ಬಂದು ಮರದ ಹೊಟ್ಟಿನ ನಡುವೆ ಆಡುತ್ತಾ, ಅಟ್ಟದ ಮೇಲೆ ವಯಸ್ಸಾದ ಸಿಸ್ಟರ್ ಒಬ್ಬರು ಆರ್ಗನ್ ನುಡಿಸುವುದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಕಾಲಲ್ಲಿ ತುಳಿದು ಗಾಳಿ ತುಂಬಿ ನುಡಿಸುವ ಹಳೆಯ ಆರ್ಗನ್ ಅದು. ಆ ಸಿಸ್ಟರ್ ಒಂದು ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಕಾಲು ಇನ್ನೂ ನೆಲಕ್ಕೆ ಎಟುಕುತ್ತಿರಲಿಲ್ಲ. ಸಿಸ್ಟರ್ ತುಳಿಯುವುದು, ಇವಳು ನುಡಿಸುವುದು. ಹಾಗೆ ಹಿಡಿದ ಹುಚ್ಚು ಬಿಡಲಿಲ್ಲ. ಅದೇ ಶಾಲೆಯಲ್ಲಿ ಓದಿದಳು, ಹೊರಗೆ ಹೋಗಿ ಸಂಗೀತದ ತರಬೇತಿ ಮುಗಿಸಿ ಅದೇ ಶಾಲೆಗೆ ಟೀಚರಾಗಿ ಬಂದಳು. ಮದುವೆಯ ಮಾತು ಒಂದೆರಡು ಸಲ ಮನೆ ಬಾಗಿಲಿಗೆ ಬಂದು, ಬಂದ ದಾರಿಯಲ್ಲೇ ಹಿಂತಿರುಗಿತು. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿ ಕನ್ಯಾಸ್ತ್ರೀಯಾಗಿ, ಊರೂರು ಸುತ್ತಿ, ಕೊನೆಗೆ ಹೆಡ್ ಸಿಸ್ಟರ್ ಆಗಿ ಅದೇ ಶಾಲೆಗೆ ಬಂದಾಗ ಕಡ್ಡಿ ಟೀಚರಿಗೆ ಮಧ್ಯವಯಸ್ಸು ದಾಟಿತ್ತು. ಎಲ್ಲರೆದುರು ಇಬ್ಬರದೂ "ಸಿಸ್ಟರ್", "ಟೀಚರ್", ಬಹುವಚನ. ಬಾಗಿಲು ಮುಚ್ಚಿದರೆ "ಏನೇ", "ಏನಮ್ಮ".

ಶಾಲೆಯ ದೊಡ್ಡ ಹಾಲಿನ ಗೋಡೆಯ ಮೇಲೆ ಎರಡೇ ಪದ ಬರೆಸಿದ್ದರು: ಸತ್ಯ, ಪ್ರೀತಿ. ಪ್ರತಿ ಬೆಳಗಿನ ಪ್ರಾರ್ಥನೆಯಲ್ಲಿ ಹುಡುಗಿಯರು ಆ ಎರಡು ಪದಗಳ ಎದುರಿಗೇ ನಿಲ್ಲುತ್ತಿದ್ದರು. ನೀತಿಪಾಠದ ತರಗತಿಯಲ್ಲಿ ಹೆಡ್ ಸಿಸ್ಟರ್ ಅವುಗಳ ಮೇಲೆ ಎಷ್ಟು ಮಾತಾಡಿದರೋ ಲೆಕ್ಕವಿಲ್ಲ, ಆದರೆ ಹುಡುಗಿಯರು ಕಲಿತದ್ದು ಮಾತಿನಿಂದಲ್ಲ. ಎಂಟನೆಯ ತರಗತಿಗೆ ಹೊಸದಾಗಿ ಬಂದ ಪ್ರತಿ ಹುಡುಗಿಗೂ ಹತ್ತನೆಯ ತರಗತಿಯ ಒಬ್ಬಳನ್ನು ಅಕ್ಕನನ್ನಾಗಿ ಕೊಡುತ್ತಿದ್ದರು. ಶೌಚಾಲಯ ಎಲ್ಲಿದೆ ಎಂಬುದರಿಂದ ಹಿಡಿದು ಯಾವ ಟೀಚರ್ ಯಾವಾಗ ಸಿಡುಕುತ್ತಾರೆ ಎಂಬುದರವರೆಗೆ ಹೇಳಿಕೊಡುವುದು ಆ ಅಕ್ಕನ ಕೆಲಸ. ಮಧ್ಯಾಹ್ನ ಎಲ್ಲರೂ ಸುತ್ತ ಕೂರುವ ತನಕ ಯಾರೂ ಊಟದ ಡಬ್ಬಿ ತೆಗೆಯುವಂತಿರಲಿಲ್ಲ. ಯಾರಾದರೂ ಡಬ್ಬಿ ತಂದಿಲ್ಲವೆಂದರೆ ಒಂದು ಮುಚ್ಚಳ ಸುತ್ತು ಹೊರಟು, ಎಲ್ಲರಿಂದ ಒಂದೊಂದು ತುತ್ತು ಬಿದ್ದು, ತುಂಬಿಕೊಂಡು ಅವಳ ಮುಂದೆ ಬಂದು ನಿಲ್ಲುತ್ತಿತ್ತು. ಏಕೆ ತರಲಿಲ್ಲ ಎಂದು ಕೇಳುವುದು ಕೆಟ್ಟ ನಡತೆ.

ಕಡ್ಡಿ ಟೀಚರ್ ಮನೆಯಲ್ಲಿ ಅಮ್ಮ ಮತ್ತು ತಂಗಿ. ಅಮ್ಮನಿಗೆ ಕಿವಿ ಮಂದವಾಗಿ ಬಹಳ ವರ್ಷವಾಗಿತ್ತು. ಅವರೊಡನೆ ಮಾತಾಡಬೇಕೆಂದರೆ ಗಂಟಲು ಹರಿದುಕೊಳ್ಳಬೇಕು. ತಂಗಿಗೆ ಮುದ್ರಣಾಲಯದಲ್ಲಿ ಕೆಲಸ. ಹಗಲೆಲ್ಲ ಯಂತ್ರಗಳ ನಡುವೆ ಕೂಗಿ ಕೂಗಿ ಅವಳ ದನಿಯೇ ಹಾಗಾಗಿತ್ತು. ಅಮ್ಮ ತೀರಿಕೊಂಡ ಮೇಲೂ ಆ ಮನೆಯಲ್ಲಿ ಕೂಗಾಟ ನಿಲ್ಲಲಿಲ್ಲ. ಗೋಡೆಯಾಚೆಯವರು ಅಕ್ಕತಂಗಿಯರು ದಿನಾ ಜಗಳವಾಡುತ್ತಾರೆ ಎಂದುಕೊಂಡಿದ್ದರು. ಇವರು ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮಾತಾಡುತ್ತಿದ್ದರಷ್ಟೇ. ಹೀಗಾಗಿ ಅಕ್ಕನ ಕಿವಿಯೂ ಅಮ್ಮನ ದಾರಿ ಹಿಡಿದಾಗ ಮನೆಯಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

ಮೊದಲು ಹೋದದ್ದು ಸಣ್ಣ ಸಣ್ಣ ಸದ್ದು. ಪಾತ್ರೆಯಲ್ಲಿ ನೀರು ಕುದಿಯುವ ಸದ್ದು, ಪುಟ ಮಗುಚುವ ಸದ್ದು. ಟೀಚರ್ ನೆಗಡಿ ಎಂದುಕೊಂಡರು. ನೆಗಡಿ ಹೋದ ಮೇಲೆ ವಯಸ್ಸು ಎಂದುಕೊಂಡರು. ಆಮೇಲೆ ಎತ್ತರದ ಸ್ವರಗಳು ಮಸುಕಾದವು. ಆಗ ಅವರು ಏನೆಂದುಕೊಂಡರೋ, ಯಾರ ಹತ್ತಿರವೂ ಹೇಳಲಿಲ್ಲ.

ಗೊತ್ತು ಮಾಡಿಕೊಂಡವರು ಹುಡುಗಿಯರು. ಗಾಯನ ವೃಂದದಲ್ಲಿ ಒಬ್ಬಳಿದ್ದಳು, ಒಂಬತ್ತನೆಯ ತರಗತಿಯ ತುಂಟಿ, ಉಳಿದವರು ಅವಳನ್ನು ಪಟಾಕಿ ಎನ್ನುತ್ತಿದ್ದರು. ಒಂದು ದಿನ ಅಭ್ಯಾಸದಲ್ಲಿ ಅವಳು ಸ್ತುತಿಗೀತೆಯ ಮಾತುಗಳನ್ನು ಬಿಟ್ಟು, ಅದೇ ಧಾಟಿಯಲ್ಲಿ ಗಣಿತದ ಟೀಚರ್ ಗೊರಕೆ ಹೊಡೆಯುವ ಬಗ್ಗೆ ಹಾಡತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ರಾಜಾರೋಷವಾಗಿ. ಪಕ್ಕದವರು ನಗು ತಡೆಯಲಾರದೆ ಒದ್ದಾಡಿದರು. ಕಡ್ಡಿ ಟೀಚರ್ ಅವಳ ಬಾಯಿ ಅಗಲವಾಗಿ ತೆರೆದಿರುವುದನ್ನು ನೋಡಿ ಮುಖವರಳಿಸಿ, "ಭೇಷ್! ಎಲ್ಲರೂ ಹೀಗೆ ಬಾಯಿ ಬಿಟ್ಟು ಹಾಡ್ಬೇಕು" ಅಂದರು.

ನಗು ಒಮ್ಮೆಗೇ ನಿಂತಿತು. ಪಟಾಕಿಯ ಮುಖ ಬಿಳುಚಿಕೊಂಡಿತು.

ಅಂದು ಮಧ್ಯಾಹ್ನ ಮೆಟ್ಟಿಲ ಕೆಳಗೆ ಅವರೆಲ್ಲ ಸೇರಿದರು. ಮಾತು ಶುರು ಮಾಡಿದವಳು ಮುಂದಿನ ಸಾಲಿನ ಹುಡುಗಿ. ಅವಳ ಅಪ್ಪ ಕೈಗಡಿಯಾರ ರಿಪೇರಿ ಮಾಡುವವನು. ಅವಳೂ ಒಂದು ದಿನವೂ ತಡವಾಗಿ ಬಂದವಳಲ್ಲ, ಹಾಡಿನಲ್ಲಿ ತಾಳ ತಪ್ಪಿದವಳಲ್ಲ. ಹಾಗಾಗಿ ಅವಳ ಅಡ್ಡಹೆಸರು ಗಡಿಯಾರ.

"ಟೀಚರಿಗೆ ಕಿವಿ ಕೇಳಿಸ್ತಿಲ್ಲ" ಎಂದಳು ಗಡಿಯಾರ. "ಇದು ಹೊರಗೆ ಗೊತ್ತಾದ್ರೆ ಅವರನ್ನ ಕಳಿಸಿಬಿಡ್ತಾರೆ. ಬೇರೆ ಏನು ಮಾಡ್ತಾರೆ ಅವರು? ಹಾಡು ಬಿಟ್ರೆ ಅವರಿಗೇನಿದೆ?"

"ಅದಕ್ಕೆ ನಾವೇನು ಮಾಡೋಕಾಗತ್ತೆ?"

"ನಾವೇ ಅವರ ಕಿವಿ ಆಗೋದು. ಯಾರದ್ದು ಶ್ರುತಿ ತಪ್ಪತ್ತೋ ಅವಳಿಗೆ ಪಕ್ಕದವಳು ಮೊಣಕೈಲಿ ತಿವೀಬೇಕು. ಆರ್ಗನ್ ಹಿಂದೆ ಬಿದ್ರೆ ನಾನು ಕಾಲಲ್ಲಿ ಅಟ್ಟದ ಹಲಗೆ ತಟ್ತೀನಿ, ಅವರಿಗೆ ಪಾದಕ್ಕೆ ಗೊತ್ತಾಗತ್ತೆ. ಟೀಚರ್ ಜೊತೆ ಮಾತಾಡ್ಬೇಕಾದ್ರೆ ಎದುರಿಗೆ ಬಂದು ಮಾತಾಡಿ. ಹಿಂದಿನಿಂದ ಕರೀಬೇಡಿ."

"ಪಾಪನಿವೇದನೆಯಲ್ಲಿ ಫಾದರ್ ಹತ್ರ ಹೇಳ್ಬೇಕಾ?" ಎಂದು ಪಟಾಕಿ ಕೇಳಿದಳು. ತಮಾಷೆಗಲ್ಲ.

"ಪಾಪ ಅಂತ ಅನ್ನಿಸಿದ್ರೆ ಹೇಳು" ಎಂದಳು ಗಡಿಯಾರ.

ಯಾರಿಗೂ ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ಆ ಗಾಯನ ವೃಂದ ಹಿಂದೆಂದೂ ಹಾಡದ ಹಾಗೆ ಹಾಡಿತು. ಒಬ್ಬರ ಮೈ ಒಬ್ಬರಿಗೆ ತಾಗುವಂತೆ ನಿಂತು, ಒಬ್ಬರ ಉಸಿರನ್ನು ಇನ್ನೊಬ್ಬರು ಗಮನಿಸಿ ಹಾಡಿದರೆ ಇನ್ನೇನಾಗುತ್ತದೆ? ಬಹುಮಾನ ವಿತರಣೆಯ ದಿನ ಬಂದಿದ್ದ ಅತಿಥಿ ಗುರುಗಳೊಬ್ಬರು, "ಇಂಥ ಒಗ್ಗಟ್ಟಿನ ಹಾಡು ನಾನು ದೊಡ್ಡ ದೊಡ್ಡ ಕಡೆಯೂ ಕೇಳಿಲ್ಲ" ಅಂದರು. ಕಡ್ಡಿ ಟೀಚರ್ ಅಂದು ಮನೆಗೆ ಹಾರುತ್ತಾ ಹೋದರು. "ಇಷ್ಟು ವರ್ಷ ತಲೆ ಚಚ್ಚಿಕೊಂಡಿದ್ದಕ್ಕೆ ಈಗ ಫಲ ಬಂತು ನೋಡೇ" ಎಂದು ತಂಗಿಗೆ ಹೇಳಿದರು. ತಂಗಿ ಖುಷಿಯಿಂದ ಕೂಗಿದಳು. ಆ ಕೂಗು ಅವರಿಗೆ ಎಲ್ಲೋ ದೂರದಿಂದ ಬಂದ ಹಾಗೆ ಕೇಳಿತು.

ಮರುವರ್ಷ ಆ ಹುಡುಗಿಯರು ಹತ್ತನೆಯ ತರಗತಿಗೆ ಬಂದರು. ಗಡಿಯಾರಕ್ಕೆ ಎಂಟನೆಯ ತರಗತಿಯ ಒಂದು ಪುಟ್ಟ ಹುಡುಗಿ ತಂಗಿಯಾಗಿ ಸಿಕ್ಕಳು. ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲದ, ಮುಂದಿನ ಹಲ್ಲು ಸ್ವಲ್ಪ ಉಬ್ಬಿದ, ಸದಾ ಅಕ್ಕನ ಹಿಂದೆ ಸುತ್ತುವ ಮಗು. ಎಲ್ಲರೂ ಅವಳನ್ನು ಬಾಲ ಎಂದೇ ಕರೆದರು. ಅಕ್ಕ ಹಾಡುತ್ತಾಳೆಂದು ಬಾಲವೂ ಗಾಯನ ವೃಂದಕ್ಕೆ ಸೇರಿತು.

ಒಂದು ಸಂಜೆ ಅಭ್ಯಾಸ ಮುಗಿದು ಹುಡುಗಿಯರೆಲ್ಲ ಹೊರಟುಹೋದರು. ಕಡ್ಡಿ ಟೀಚರ್ ಅಟ್ಟದ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಆರ್ಗನ್ ನುಡಿಸುತ್ತಾ ಕೂತಿದ್ದರು. ಬಾಲ ಮರೆತುಬಂದ ಹಾಡಿನ ಪುಸ್ತಕ ತರಲು ವಾಪಸು ಹೋಗಿ, ಅಟ್ಟಕ್ಕೆ ಹತ್ತುವ ಕಡಿದಾದ ಮರದ ಮೆಟ್ಟಿಲ ಮೇಲೆ ಕಾಲು ಜಾರಿ ಉರುಳಿದಳು. ಕೈ ಮೈಯಡಿಗೆ ಸಿಕ್ಕಿ ಮಣಿಕಟ್ಟಿನ ಮೂಳೆ ಮುರಿಯಿತು. ಅವಳು ಕಿರುಚಿದಳು. ಮೇಲೆ ಆರ್ಗನ್ ನಿಲ್ಲಲಿಲ್ಲ. "ಟೀಚರ್, ಟೀಚರ್" ಎಂದು ಕೂಗಿದಳು. ಆರ್ಗನ್ ನಿಲ್ಲಲಿಲ್ಲ. ಎದ್ದು ನಿಲ್ಲಲು ನೋಡಿದರೆ ಕಣ್ಣು ಕತ್ತಲಿಟ್ಟಿತು. ಮಗು ಅಲ್ಲೇ ಮೆಟ್ಟಿಲ ಬುಡದಲ್ಲಿ ಬಿದ್ದುಕೊಂಡು, ಗಂಟಲು ಕಟ್ಟುವವರೆಗೆ ಕೂಗಿ, ಆಮೇಲೆ ಬರೀ ನರಳುತ್ತಾ ಇತ್ತು. ಮೇಲೆ ಟೀಚರ್ ತಮ್ಮ ಇಷ್ಟದ ಹಾಡುಗಳನ್ನು ಒಂದಾದ ಮೇಲೆ ಒಂದು ನುಡಿಸುತ್ತಾ ಇದ್ದರು. ಗೇಟಿನ ಬಳಿ ತಂಗಿಗಾಗಿ ಕಾದು ಕಾದು ಬೇಸತ್ತು ಹುಡುಕಿಕೊಂಡು ಬಂದ ಗಡಿಯಾರ ನೋಡಿದ್ದು ಇದನ್ನು.

ಮಗುವನ್ನು ಆಸ್ಪತ್ರೆಗೆ ಒಯ್ದರು. ಮರುದಿನ ಮೆಟ್ಟಿಲ ಕೆಳಗೆ ಮತ್ತೆ ಸಭೆ.

"ಬಾಲ ಮೆಲ್ಲಗೆ ಕೂಗಿದ್ಲು ಅಂತ ಹೇಳಿದ್ರಾಯ್ತು. ಅವಳು ಒಪ್ಕೋತಾಳೆ" ಎಂದಳು ಪಟಾಕಿ.

"ಅವಳ ಹತ್ರ ಸುಳ್ಳು ಹೇಳಿಸ್ತೀಯಾ? ಮುರಿದಿರೋ ಕೈ ಇಟ್ಕೊಂಡು?"

"ನೀನೇ ತಾನೇ ಇದನ್ನ ಶುರು ಮಾಡಿದ್ದು?"

"ಹೌದು, ನಾನೇ" ಎಂದು ಗಡಿಯಾರ ಎದ್ದು, ಯಾರ ಮುಖವನ್ನೂ ನೋಡದೆ ನೇರ ಹೆಡ್ ಸಿಸ್ಟರ್ ಕೋಣೆಗೆ ಹೋದಳು.

ಅಂದು ಮಧ್ಯಾಹ್ನವೇ ಕಡ್ಡಿ ಟೀಚರಿಗೆ ಕರೆ ಬಂತು. ಹೆಡ್ ಸಿಸ್ಟರ್ ಬಾಗಿಲು ಮುಚ್ಚಿದರು.

"ಕೂತ್ಕೋ."

"ಮಗು ಹೇಗಿದೆ?"

"ಪ್ಲಾಸ್ಟರ್ ಹಾಕಿದಾರೆ. ವಾಸಿಯಾಗತ್ತೆ." ಸಿಸ್ಟರ್ ಅವರ ಮುಖ ನೋಡಿ, "ನಿನಗೆ ಕಿವಿ ಕೇಳಿಸ್ತಿದೆಯೇನೇ?" ಅಂದರು.

"ಇದೆಂಥ ಪ್ರಶ್ನೆ? ಕೇಳಿಸದೇ ನಿನ್ನ ಜೊತೆ ಮಾತಾಡ್ತಾ ಕೂತಿದೀನಾ?"

ಹೆಡ್ ಸಿಸ್ಟರ್ ಎದ್ದು ಕಿಟಕಿಯ ಹತ್ತಿರ ಹೋದರು. ಬೆನ್ನು ತಿರುಗಿಸಿ ನಿಂತು, ಅಷ್ಟೇ ದನಿಯಲ್ಲಿ, "ಒಂದೇ ಬೆಂಚಲ್ಲಿ ಕೂತಾಗ ನೀನು ನನ್ನ ಜಡೆಯನ್ನ ಬೆಂಚಿಗೆ ಕಟ್ಟಿಹಾಕಿದ್ದೆ, ನೆನಪಿದೆಯಾ?" ಎಂದು ಕೇಳಿದರು. ಉತ್ತರ ಬರಲಿಲ್ಲ. ಸ್ವಲ್ಪ ಜೋರಾಗಿ ಇನ್ನೊಮ್ಮೆ ಕೇಳಿದರು. ಹಿಂದೆ ಕಡ್ಡಿ ಟೀಚರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಒರೆಸಿ, ಹಾಕಿಕೊಂಡು, ಗೆಳತಿಯ ಬೆನ್ನು ನೋಡಿ ಅಂದರು:

"ಏನದು ಅಷ್ಟೊಂದು ಯೋಚನೆ? ಇದ್ದಿದ್ದನ್ನ ಇದ್ದ ಹಾಗೆ ಹೇಳ್ಬಾರದಾ?"

ಹೆಡ್ ಸಿಸ್ಟರ್ ತಿರುಗಿದಾಗ ಅವರ ಕೆನ್ನೆ ಒದ್ದೆಯಾಗಿತ್ತು. ಅದನ್ನು ನೋಡಿ ಕಡ್ಡಿ ಟೀಚರಿಗೆ ಎಲ್ಲವೂ ಅರ್ಥವಾಯಿತು. ಅವರು ಅಳಲಿಲ್ಲ. "ಯಾರು ಹೇಳಿದ್ದು?" ಎಂದಷ್ಟೇ ಕೇಳಿದರು.

ಕಿವಿಯ ಡಾಕ್ಟರ್ ಪರೀಕ್ಷೆ ಮಾಡಿ, ನರ ಒಣಗುತ್ತಾ ಬಂದಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರು. ಕಿವಿಗೆ ಯಂತ್ರ ಬಂತು. ಮಾತು ಒಂದಿಷ್ಟು ತಿಳಿಯಿತು. ಆದರೆ ಅದನ್ನು ಹಾಕಿಕೊಂಡು ಆರ್ಗನ್ ಮುಂದೆ ಕೂತರೆ ಯಾರೋ ತಗಡಿನ ಡಬ್ಬವನ್ನು ನೆಲದ ಮೇಲೆ ಎಳೆದ ಹಾಗಿತ್ತು. ಒಂದು ಸಲ ಕೂತರು. ಮತ್ತೆ ಕೂರಲಿಲ್ಲ. ಶಾಲೆ ಅವರನ್ನು ಮನೆಗೆ ಕಳಿಸಲಿಲ್ಲ. ಹೆಡ್ ಸಿಸ್ಟರ್ ಪಟ್ಟು ಹಿಡಿದು ಗ್ರಂಥಾಲಯದಲ್ಲಿ ಕೂರಿಸಿದರು. ಹಾಡು ಕಲಿಸಲು ಹೊಸದಾಗಿ ಒಬ್ಬ ಎಳೆಯ ಟೀಚರ್ ಬಂದರು. ಅಟ್ಟಕ್ಕೆ ಬೀಗ ಬಿತ್ತು.

ಗ್ರಂಥಾಲಯದ ಕಿಟಕಿಯಿಂದ ಅಂಗಳ ಪೂರ್ತಿ ಕಾಣುತ್ತಿತ್ತು. ಕಿವಿ ಹೋದ ಈ ವರ್ಷಗಳಲ್ಲಿ ಕಡ್ಡಿ ಟೀಚರ್ ತಮಗೇ ತಿಳಿಯದಂತೆ ತುಟಿ ಓದುವುದನ್ನು ಕಲಿತುಬಿಟ್ಟಿದ್ದರು. ಮಧ್ಯಾಹ್ನ ಹತ್ತನೆಯ ತರಗತಿಯವರು ಮರದ ಕೆಳಗೆ ಸುತ್ತ ಕೂರುವರು. ಗಡಿಯಾರವೂ ಕೂರುವಳು, ಕೂರಬಾರದೆಂದು ಯಾರೂ ಹೇಳಲಿಲ್ಲ. ಶಾಲೆಯ ನಿಯಮ ಯಾರೂ ಮುರಿಯಲಿಲ್ಲ. ಆದರೆ ಅವಳ ಆಚೆಗೊಬ್ಬಳು ಕೂರುವಷ್ಟು, ಈಚೆಗೊಬ್ಬಳು ಕೂರುವಷ್ಟು ಜಾಗ ಖಾಲಿ ಇರುತ್ತಿತ್ತು. ಅವಳು ಡಬ್ಬಿಯಿಂದ ತಲೆಯೆತ್ತುತ್ತಿರಲಿಲ್ಲ. ಅವಳ ತಲೆಯ ಮೇಲಿನಿಂದ ಒಂದು ಪದ ಈ ತುಟಿಯಿಂದ ಆ ತುಟಿಗೆ ಹೋಗುವುದು ಗಾಜಿನಾಚೆ ಟೀಚರಿಗೆ ಸ್ಪಷ್ಟವಾಗಿ ಕಂಡಿತು. ಚಾಡಿಕೋರಿ.

ಅದನ್ನು ನೋಡಿ ಅವರಿಗೆ ಒಳಗೊಳಗೇ ಹಿತವಾಯಿತು. ನಿಜ ಹೇಳಬೇಕೆಂದರೆ ಬಹಳವೇ ಹಿತವಾಯಿತು. ತನ್ನ ಬಾಯಿಯ ತುತ್ತು ಕಸಿದವಳು ಅನುಭವಿಸಲಿ. ಹಲವು ದಿನ ಅವರು ಊಟದ ಹೊತ್ತಿಗೆ ಸರಿಯಾಗಿ ಕಿಟಕಿಯ ಬಳಿ ಹೋಗಿ ನಿಂತರು.

ಬಾಲ ಪ್ಲಾಸ್ಟರಿನ ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಶಾಲೆಗೆ ಮರಳಿದಳು. ಆಟದ ಪೀರಿಯಡ್ಡಿನಲ್ಲಿ ಅವಳಿಗೆ ಆಡುವಂತಿರಲಿಲ್ಲವಾದ್ದರಿಂದ ಗ್ರಂಥಾಲಯಕ್ಕೆ ಬಂದು ಕೂರುತ್ತಿದ್ದಳು. ಮೊದಲ ದಿನ ಕಡ್ಡಿ ಟೀಚರ್ ಅವಳ ಮುಖ ನೋಡಲಾರದೆ ಕಪಾಟಿನ ಹಿಂದೆ ಸರಿದರು. ಮಗುವೇ ಹುಡುಕಿಕೊಂಡು ಬಂದು ಎದುರಿಗೆ ನಿಂತಿತು.

"ನೋವಿಲ್ಲ ಟೀಚರ್. ಒಳಗೆ ಕೆರೆತ ಮಾತ್ರ."

"ನೀನು ಕೂಗಿದೆ, ಅಲ್ವಾ?"

"ಹೂಂ."

"ತುಂಬಾ ಕೂಗಿದೆಯಾ?"

ಬಾಲ ಸುಳ್ಳು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿರುವುದು ಅವಳ ಮುಖದಲ್ಲೇ ಕಾಣಿಸಿತು. ಕೊನೆಗೆ, "ನೀವು ಚೆನ್ನಾಗಿ ಬಾರಿಸ್ತಾ ಇದ್ರಿ ಟೀಚರ್" ಎಂದಳು.

ಆಮೇಲೆ ಮಗು ಬಾಯಿ ಬಿಟ್ಟಿತು. ಅಕ್ಕ ಅಟ್ಟದ ಹಲಗೆ ತಟ್ಟುತ್ತಿದ್ದದ್ದು, ಮೊಣಕೈಯ ತಿವಿತ, ಮೆಟ್ಟಿಲ ಕೆಳಗಿನ ಸಭೆ, ಗೊರಕೆಯ ಹಾಡು, ಎಲ್ಲವನ್ನೂ ಹೇಳಿತು. "ನಿಮಗೆ ಕೇಳಿಸದೇ ಇದ್ರೂ ಹಾಡು ಕೆಡಬಾರದು ಅಂತ ಅಕ್ಕ ಮನೇಲೂ ಪ್ರಾಕ್ಟೀಸ್ ಮಾಡ್ತಿದ್ಲು ಟೀಚರ್. ಈಗ ಅವಳ ಜೊತೆ ಯಾರೂ ಮಾತಾಡಲ್ಲ."

ಅತಿಥಿ ಗುರುಗಳ ಹೊಗಳಿಕೆ, ಆ ಒಗ್ಗಟ್ಟಿನ ಹಾಡು, ಮನೆಗೆ ಹಾರುತ್ತಾ ಹೋದ ಆ ಸಂಜೆ, ಒಂದೂ ತನ್ನದಾಗಿರಲಿಲ್ಲ. ತಾನು ಗಾಳಿಯಲ್ಲಿ ಕಡ್ಡಿ ಬೀಸುತ್ತಿದ್ದೆ, ಹಾಡು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಕಿವಿ ಹೋದದ್ದಕ್ಕಿಂತ ಇದು ಹೆಚ್ಚು ಸುಟ್ಟಿತು. ಮನೆಗೆ ಹೋಗಿ ತಂಗಿಯ ಮುಂದೆ ಎಲ್ಲವನ್ನೂ ಕಾರಿಕೊಂಡರು.

"ಮಕ್ಕಳ ಕೈಯಲ್ಲಿ ನಗೆಪಾಟಲಾದೆ ಕಣೇ."

"ಎಲ್ಲಿ ನಕ್ಕರು?" ಎಂದು ತಂಗಿ ಕೂಗಿದಳು. "ಒಂದು ವರ್ಷದ ಮೇಲೆ ಉಸಿರು ಬಿಗಿ ಹಿಡಿದು ನಿನ್ನನ್ನ ಹೊತ್ಕೊಂಡು ತಿರುಗಿದಾರೆ. ನಾನು ಒಂದೇ ಮನೇಲಿದ್ದೂ ಏನೂ ಕಾಣದ ಕುರುಡಿ. ಆ ಮಕ್ಕಳು ಕಂಡ್ರು. ಈಗ ಆ ಹುಡುಗಿ ಒಬ್ಬಳೇ ಕೂತು ಉಣ್ತಿದಾಳೆ ಅಂತೀಯ, ನೀನು ಕಿಟಕೀಲಿ ನಿಂತು ನೋಡ್ತೀಯ!"

ಮರುದಿನ ಕಡ್ಡಿ ಟೀಚರ್ ಹತ್ತನೆಯ ತರಗತಿಗೆ ಹೋದರು. ಪಾಠ ಮಾಡುತ್ತಿದ್ದ ಟೀಚರನ್ನು ಕೇಳಿ ಒಪ್ಪಿಗೆ ಪಡೆದು ಕರಿಹಲಗೆಯ ಮುಂದೆ ನಿಂತರು. ಗಡಿಯಾರ ಕೊನೆಯ ಬೆಂಚಿನ ತುದಿಯಲ್ಲಿದ್ದಳು.

"ಯಾರ್ಯಾರು ಇವಳನ್ನ ಚಾಡಿಕೋರಿ ಅಂದಿದೀರಿ, ಎದ್ದು ನಿಲ್ಲಿ."

ಯಾರೂ ಮಿಸುಕಲಿಲ್ಲ.

"ನಿಮ್ಮ ತುಟಿ ನನಗೆ ಕಾಣತ್ತೆ. ನನ್ನ ಹತ್ರ ನಾಟಕ ಆಡಿದ್ದು ಸಾಕು."

ಪಟಾಕಿ ಮೊದಲು ಎದ್ದಳು. ಆಮೇಲೆ ಒಬ್ಬೊಬ್ಬರಾಗಿ ಬಹುಪಾಲು ತರಗತಿ ಎದ್ದು ನಿಂತಿತು.

"ಮಗು ಬಿದ್ದು ಅಳ್ತಾ ಇತ್ತು. ನಾನು ಬಾರಿಸ್ತಾ ಇದ್ದೆ. ಇವಳು ಬಾಯಿ ಬಿಡದೇ ಹೋಗಿದ್ರೆ ನಾನು ಇವತ್ತೂ ಬಾರಿಸ್ತಾ ಇರ್ತಿದ್ದೆ. ಇನ್ನೊಬ್ಬಳು ಬಿದ್ದು ತಲೆ ಒಡ್ಕೊಂಡಿದ್ರೆ ಆಗ ಯಾರನ್ನ ಚಾಡಿಕೋರಿ ಅಂತಿದ್ರಿ?"

"ನಿಮಗೋಸ್ಕರ ಮಾಡಿದ್ವಿ ಟೀಚರ್" ಎಂದಳು ಪಟಾಕಿ.

"ಗೊತ್ತು. ಅದಕ್ಕೇ ನಿಮ್ಮನ್ನ ಬಾಯ್ತುಂಬ ಬೈಯೋಕೂ ನನ್ನ ಕೈಲಿ ಆಗ್ತಿಲ್ಲ" ಎಂದು ಟೀಚರ್ ಹೊರಗೆ ಬಂದರು.

ಅಂದಿನಿಂದ ಮರದ ಕೆಳಗೆ ಖಾಲಿ ಜಾಗ ಮುಚ್ಚಿಕೊಂಡಿತು. ಪಟಾಕಿಯೇ ಗಡಿಯಾರದ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಕ್ಷಮೆ ಕೇಳುವುದು, ಅಳುವುದು ಎಲ್ಲ ಆಯಿತು. ಆದರೂ ಏನೋ ಒಂದು ಸರಿಹೋಗಲಿಲ್ಲ. ಜ್ವರದಿಂದ ಎದ್ದವಳನ್ನು ಮಾತಾಡಿಸುವ ಹಾಗೆ ಅವಳನ್ನು ಜೋಪಾನವಾಗಿ ಮಾತಾಡಿಸುತ್ತಿದ್ದರು. ಅವಳು ಬಂದೊಡನೆ ಜೋರು ನಗು ಸಣ್ಣದಾಗುತ್ತಿತ್ತು. ಹೊಸ ಟೀಚರ್ ಎಷ್ಟು ಕರೆದರೂ ಗಡಿಯಾರ ಗಾಯನ ವೃಂದಕ್ಕೆ ಮರಳಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲೂ ಅವಳ ತುಟಿ ಮುಚ್ಚಿಯೇ ಇರುತ್ತಿದ್ದುದನ್ನು ಕಡ್ಡಿ ಟೀಚರ್ ನೋಡಿದರು.

ಒಂದು ಸಂಜೆ ಅವರು ಅವಳ ಅಪ್ಪನ ಅಂಗಡಿಗೆ ಹೋದರು. ಮೂರು ಆಳು ನಿಂತರೆ ತುಂಬುವ ಗೂಡು. ಗೋಡೆಯ ತುಂಬ ಗಡಿಯಾರಗಳು. ಅವುಗಳ ಸದ್ದು ಕಿವಿಯ ಯಂತ್ರದೊಳಗೆ ಒಣ ಎಲೆ ತುಳಿದ ಹಾಗೆ ಕರಕರ ಎಂದಿತು. ಅಪ್ಪ ಕಣ್ಣಿನ ಭೂತಗನ್ನಡಿ ತೆಗೆದು ಎದ್ದು ನಿಂತ.

"ಪಾತ್ರೆ ತೊಳೀವಾಗ ಹಾಡೋಳು ಟೀಚರ್. ಬೀದಿಯವರೆಲ್ಲ ಕೇಳೋರು. ಈಗ ಬರೀ ಪಾತ್ರೆ ಸದ್ದು" ಎಂದು ಅವನು ಮಗಳನ್ನು ಕರೆದು, ತಾನು ಬೀದಿಗಿಳಿದು ನಿಂತ.

ಗಡಿಯಾರ ಬಂದು ಎದುರಿಗೆ ಸ್ಟೂಲಿನ ಮೇಲೆ ಕೂತಳು. ಮುಖ ಸರಿಯಾಗಿ ಕಾಣಲೆಂದು ದೀಪವನ್ನು ತನ್ನ ಕಡೆ ತಿರುಗಿಸಿಕೊಂಡಳು. ಆ ಅಭ್ಯಾಸ ಇನ್ನೂ ಹೋಗಿರಲಿಲ್ಲ.

"ಕ್ಷಮಿಸಿ ಟೀಚರ್."

"ಸರಿಯಾದ್ದು ಮಾಡಿದೋಳು ಕ್ಷಮೆ ಯಾಕೆ ಕೇಳ್ಬೇಕು? ನನಗೆ ನಿನ್ನ ಮೇಲೆ ಕೋಪ ಇತ್ತು, ಅದು ಬೇರೆ. ಇನ್ನೂ ಸ್ವಲ್ಪ ಇದೆ. ಸುಳ್ಳು ಹೇಳಲ್ಲ."

"ನನಗೂ ನಿಮ್ಮ ಮೇಲೆ ಇದೆ ಟೀಚರ್."

"ನನ್ನ ಮೇಲಾ? ಯಾಕೆ?"

"ನಿಮಗೆ ಗೊತ್ತಿರ್ಲಿಲ್ವಾ? ನಿಜವಾಗ್ಲೂ ಗೊತ್ತಿರ್ಲಿಲ್ವಾ? ನಾನು ಹಲಗೆ ತಟ್ಟಿದಾಗೆಲ್ಲ ನಿಮ್ಮ ಬೆರಳು ನನ್ನ ತಾಳಕ್ಕೆ ಬರ್ತಿತ್ತು. ಒಂದು ದಿನಾನೂ ಯಾರು ತಟ್ತಿರೋದು ಅಂತ ನೀವು ಕೇಳ್ಲಿಲ್ಲ. ನೀವೇ ಹೇಳಿದ್ರೆ ಮುಗೀತಿತ್ತು. ನಾನು ಹೇಳ್ಬೇಕಾಗಿ ಬಂತು."

ಯಾವ ಹುಡುಗಿಯ ಮುಖ ನೋಡಿ ಯಾವ ಮಾತು ಬೇಕಾದರೂ ಆಡಬಲ್ಲ ಅವರು, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಸಣ್ಣ ಸಣ್ಣ ಚಕ್ರಗಳನ್ನು ನೋಡುತ್ತಾ ಕೂತರು.

"ಗೊತ್ತಿತ್ತು" ಎಂದರು ಕೊನೆಗೆ. "ಎಲ್ಲಾ ಅಲ್ಲ. ಅರ್ಧ ಗೊತ್ತಿತ್ತು. ಅಷ್ಟು ಗೊತ್ತಾದ ಮೇಲೆ ಉಳಿದದ್ದನ್ನ ತಿಳ್ಕೊಳ್ಳೋ ಧೈರ್ಯ ಬರ್ಲಿಲ್ಲ."

ಹುಡುಗಿ ಅಳತೊಡಗಿದಳು. ಟೀಚರ್ ಅವಳ ತಲೆ ಸವರಲು ಕೈಯೆತ್ತಿ, ಆ ಅಧಿಕಾರ ತನಗಿದೆಯೋ ಇಲ್ಲವೋ ಎಂದು ಅನುಮಾನಿಸಿ, ಕೈಯನ್ನು ಮಡಿಲಿಗೆ ಇಳಿಸಿಕೊಂಡರು. ಮತ್ತೆ ಹಾಡು ಎಂದು ಹೇಳಲೆಂದೇ ಬಂದಿದ್ದರು. ಅದನ್ನು ಹೇಳದೆ ಎದ್ದರು.

ಗಡಿಯಾರ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾದಳು. ಬೇರೆ ಊರಿನಲ್ಲಿ ನರ್ಸಿಂಗ್ ಓದಲು ಹೊರಟಿದ್ದಾಳೆಂದು ಬಾಲ ಬಂದು ಹೇಳಿದಳು. ಸರ್ಟಿಫಿಕೇಟ್ ತೆಗೆದುಕೊಳ್ಳಲು ಬಂದ ದಿನ ಆ ತರಗತಿಯವರೆಲ್ಲ ಗ್ರಂಥಾಲಯಕ್ಕೆ ಬಂದು, ಒಬ್ಬೊಬ್ಬರಾಗಿ ಎದುರಿಗೆ ನಿಂತು, ಬಿಡಿಸಿ ಬಿಡಿಸಿ ಮಾತಾಡಿ ಬೀಳ್ಕೊಂಡರು. ಪಟಾಕಿ ಟೀಚರನ್ನು ತಬ್ಬಿಕೊಂಡು ಹೋಗಲೇ ಒಲ್ಲೆ ಎಂದಳು. ಗಡಿಯಾರ ಬರಲಿಲ್ಲ.

ಕಡ್ಡಿ ಟೀಚರ್ ಕಿಟಕಿಗೆ ಹೋಗಿ ನೋಡಿದರು. ಗೇಟಿನಾಚೆ ಅಪ್ಪ ಸೈಕಲ್ ಹಿಡಿದು ನಿಂತಿದ್ದ. ಗಡಿಯಾರ ಹಿಂದೆ ಕೂರುವ ಮೊದಲು ಒಮ್ಮೆ ತಿರುಗಿ ಗ್ರಂಥಾಲಯದ ಕಡೆ ನೋಡಿದಳು. ಟೀಚರ್ ಕೈಯೆತ್ತಿದರು. ಅವಳೂ ಕೈಯೆತ್ತಿ ಏನೋ ಹೇಳಿದಳು. ಒಂದೆರಡು ಪದವಲ್ಲ, ಉದ್ದದ ಮಾತು. ಆದರೆ ಬಿಸಿಲು ಅವಳ ಹಿಂದಿನಿಂದ ಬರುತ್ತಿತ್ತು. ಮುಖವೆಲ್ಲ ಕಪ್ಪಾಗಿ ಕಂಡಿತೇ ಹೊರತು ತುಟಿ ಕಾಣಲಿಲ್ಲ. ಟೀಚರ್ ಕಿಟಕಿಯ ಸರಳಿಗೆ ಹಣೆಯೊತ್ತಿ ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ ಸೈಕಲ್ ಹೊರಟಿತ್ತು.

"ಏನಂದ್ಲು ಅವಳು?" ಎಂದು ಪಕ್ಕದಲ್ಲಿ ನಿಂತಿದ್ದ ಬಾಲವನ್ನು ಕೇಳಿದರು.

"ಇಷ್ಟು ದೂರಕ್ಕೆ ನನಗೂ ಕೇಳಿಸ್ಲಿಲ್ಲ ಟೀಚರ್."

ಕಡ್ಡಿ ಟೀಚರ್ ನಿವೃತ್ತಿಯಾಗುವವರೆಗೂ ಅದೇ ಗ್ರಂಥಾಲಯದಲ್ಲಿ ಕೆಲಸ ಮಾಡಿದರು. ಆ ಹುಡುಗಿಯನ್ನು ಮತ್ತೆ ನೋಡುವ ಅವಕಾಶ ಅವರಿಗೆ ಸಿಗಲಿಲ್ಲ. ಗಡಿಯಾರದ ಅಂಗಡಿಯೂ ಕೆಲವು ವರ್ಷಗಳಲ್ಲಿ ಮುಚ್ಚಿತು. ಆ ಕುಟುಂಬ ಮಗಳಿದ್ದ ಊರಿಗೇ ಹೋಯಿತೆಂದು ಯಾರೋ ಎದುರಿಗೆ ನಿಂತು, ನಿಧಾನವಾಗಿ, ಅವರಿಗೆ ಹೇಳಿದರು.